ದೂರದ ಬೆಟ್ಟವೂ ನಮ್ಮ ಗುಡ್ಡವೂ

ದೂರದ ಬೆಟ್ಟ ನುಣ್ಣಗೆ ಎಂಬ ನಾಣ್ಣುಡಿಯನ್ನು ನಮ್ಮ ಜನರು ಬಾಯಲ್ಲಿ ಆಡುವರೇ ಹೊರತು ನಡತೆಗೆ ತಂದುಕೊಂಡಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ವಿದ್ಯಾವಂತ ನಾಗರಿಕರೂ ಅಧಿಕಾರಿಗಳೂ ರಜೆ ದೊರೆತೊಡನೆ ಮಹಾಬಳೇಶ್ವರಕ್ಕೋ ಕೊಡಗಿಗೋ ಹೊರಡುತ್ತಾರೆ. ಅದಾಗದಿದ್ದರೆ ೧೮೭೪ರಲ್ಲಿ ತೆರೆದ ವಾಡಿ-ಸಿಕಂದರಾಬಾದ ರೈಲುಮಾರ್ಗವನ್ನು ಹಿಡಿದು ವಿಕಾರಾಬಾದಿನ ಅನಂತಗಿರಿಗೆ ಹೋಗುತ್ತಾರೆ. ಆದರೆ ಮಗ್ಗುಲಲ್ಲಿಯೇ ಇರುವ ಚಿಂಚೋಳಿಯ ಗುಡ್ಡಗಳನ್ನು ಕಾಲ್ನಡೆಯಿಂದ ಹತ್ತಿ ಕಂಡವರೆಷ್ಟು ಮಂದಿ ಎಂದು ಕೇಳಿದರೆ, ಬರುವ ಉತ್ತರವು ನಮಗೆ ಭೂಷಣವಾಗಲಾರದು.

ನಮ್ಮ ಸೀಮೆಯೆಂದರೆ ಬಿಸಿಲು, ತೊಗರಿ, ಸುಣ್ಣಕಲ್ಲು, ಸಿಮೆಂಟಿನ ಧೂಳು ಇಷ್ಟೇ ಎಂಬ ಭಾವನೆಯು ಹೊರಗಿನವರಲ್ಲಿರುವುದು ಸಹಜ. ನಮ್ಮವರಲ್ಲಿಯೂ ಅದು ಬೇರೂರಿರುವುದು ಶೋಚನೀಯ. ಕುಂಚಾವರದ ಕೆಮ್ಮಣ್ಣಿನ ಗುಡ್ಡಗಳು, ಅವುಗಳ ನಡುವೆ ತಂಗಿರುವ ಚಂದ್ರಂಪಳ್ಳಿಯ ಜಲಾಶಯ, ಗೊಟ್ಟಂಗೊಟ್ಟದ ಕಾಡು, ಮಳೆಗಾಲದಲ್ಲಿ ಧುಮುಕುವ ಎತ್ತಿಪೋತ ಇವೆಲ್ಲವೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿವೆ. ಸುಮಾರು ೧೩೫ ಚದರ ಕಿಲೋಮೀಟರಿನ ಈ ಅರಣ್ಯವನ್ನು ೨೦೧೧ರಲ್ಲಿ ವನ್ಯಧಾಮವೆಂದು ಸರಕಾರವು ಘೋಷಿಸಿತು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗಗಳಿಗೆ ಅದು ಆಶ್ರಯವಾಗಿದೆ.

ಇದು ಕೇವಲ ವಿನೋದದ ಮಾತಲ್ಲ. ಚಿಂಚೋಳಿಯ ನೀರನ್ನು ಹೊತ್ತ ಮುಲ್ಲಾಮಾರಿಯು ಕಾಗಿಣೆಯನ್ನೂ, ಕಾಗಿಣೆಯು ಭೀಮೆಯನ್ನೂ ಸೇರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡವು ನಿಂತಿರುವುದು ಈ ಕಾಗಿಣೆಯ ದಂಡೆಯಲ್ಲಿಯೇ. ಸುಣ್ಣಕಲ್ಲಿನ ಗಣಿಗಳು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿವೆ; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಯಲನ್ನು ಅಗೆತಕ್ಕೆ ಒಪ್ಪಿಸಿದ ಸೀಮೆಯು ಗುಡ್ಡವನ್ನಾದರೂ ಕಾಯ್ದುಕೊಳ್ಳಬೇಡವೇ? ಕಾಲಿಟ್ಟು ಕಾಣದ ನೆಲದ ಪರವಾಗಿ ಯಾರೂ ದನಿಯೆತ್ತುವುದಿಲ್ಲ. ನಾಳೆ ಆ ಕಾಡಿಗೆ ಕೇಡು ಒದಗಿದರೆ, ಅದನ್ನು ಕಂಡರಿಯದ ಪಟ್ಟಣಿಗನು ಪತ್ರಿಕೆಯ ಒಂದು ಮೂಲೆಯಲ್ಲಿ ಓದಿ ಸುಮ್ಮನಾಗುವನು.

ಜನರು ಹೋದರೆ ಕಾಡು ಕೆಡುವುದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ. ೨೦೨೪ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನರು ಮುಗಿಬಿದ್ದ ಬಳಿಕ ಸರಕಾರವು ಚಾರಣವನ್ನು ತಡೆದು, ಅನಂತರ ಮುಂಗಡ ನೋಂದಣಿಯನ್ನೂ ದಿನಕ್ಕೆ ೩೦೦ ಮಂದಿಯ ಮಿತಿಯನ್ನೂ ವಿಧಿಸಬೇಕಾಯಿತು. ಇದರಿಂದ ಕಲಿಯತಕ್ಕ ಪಾಠವು ಬಾಗಿಲು ಮುಚ್ಚುವುದಲ್ಲ. ಜಾತ್ರೆ ನೆರೆಯುವುದಕ್ಕೆ ಮೊದಲೇ ಕ್ರಮವನ್ನು ಕಟ್ಟುವುದು.

ಆದುದರಿಂದ ನಮ್ಮ ಸೂಚನೆಗಳು ಇವು. ಅರಣ್ಯ ಇಲಾಖೆಯು ಎರಡು ಮೂರು ಕಾಲುದಾರಿಗಳನ್ನು ಗುರುತಿಸಿ, ಅವುಗಳ ದೂರ, ಹೋಗಬಹುದಾದ ತಿಂಗಳು, ಅಪ್ಪಣೆ ದೊರೆಯುವ ಸ್ಥಳ ಇವನ್ನು ಸ್ಪಷ್ಟ ಕನ್ನಡದಲ್ಲಿ ತಹಶೀಲ ಕಚೇರಿ, ಬಸ್ ನಿಲ್ದಾಣಗಳಲ್ಲಿ ಬರೆಯಿಸಲಿ. ದಾರಿ ತೋರುವ ಕೆಲಸವು ಕಾಡಿನೊಳಗಿನ ಲಂಬಾಣಿ ತಾಂಡಾಗಳ ತರುಣರಿಗೆ ತಕ್ಕ ಕೂಲಿಯೊಡನೆ ಸಲ್ಲಲಿ; ವನ್ಯಧಾಮದ ಕಟ್ಟುಪಾಡನ್ನು ಹೊತ್ತವರಿಗೆ ಅದರ ಲಾಭದಲ್ಲಿಯೂ ಪಾಲಿರುವುದು ನ್ಯಾಯ. ಗುಡ್ಡದ ನೆತ್ತಿಗೆ ಮೋಟಾರು ರಸ್ತೆ ಬೇಡ. ಬೇಸಿಗೆಯ ಉರಿಯಲ್ಲಿ ಯಾರನ್ನೂ ಕಳುಹಿಸುವುದೂ ಬೇಡ. ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದೊಯ್ಯಲಿ. ಕೊಂಡುಹೋದ ಕಾಗದ, ಬಾಟಲಿಗಳನ್ನು ಮರಳಿ ತರುವ ಶಿಸ್ತನ್ನು ಅಲ್ಲಿಯೇ ಕಲಿಸಲಿ.

೧೯೪೮ರ ಸೆಪ್ಟೆಂಬರ ೧೭ರಂದು ಈ ನೆಲವು ನಿಜಾಮನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ವರ್ಷವರ್ಷವೂ ಆ ದಿನ ನಾವು ಧ್ವಜವನ್ನೇರಿಸಿ ನಾಡಿನ ಅಭಿಮಾನವನ್ನು ಕುರಿತು ಭಾಷಣ ಮಾಡುತ್ತೇವೆ. ಗುಡ್ಡಗಳು ಹಸುರೇರಿರುವ ಕಾಲವೂ ಅದೇ. ಭಾಷಣ ಮಾಡುವ ಮಹನೀಯರೂ ಕೇಳುವ ನಾಗರಿಕರೂ ಅದರ ಮುಂದಿನ ಭಾನುವಾರ, ಕುಡಿಯುವ ನೀರನ್ನು ಹೆಗಲಿಗೇರಿಸಿ, ಅಪ್ಪಣೆ ಪಡೆದು, ಚಿಂಚೋಳಿಯ ಒಂದು ಗುಡ್ಡವನ್ನು ನಡೆದು ಹತ್ತಲಿ ಎಂದು ನಾವು ವಿನಂತಿಸುತ್ತೇವೆ.