ಮನೆವಾರ್ತೆ: ಗೋಡೆ ಬಿಡದ ಕಾಗದ

ಗೋಡೆಗೆ ಚಿತ್ರದ ಕಾಗದವನ್ನು ಅಂಟಿಸುವುದು ಒಂದು ದಿನದ ಕೆಲಸ. ಬಿಡಿಸುವುದು ಒಂದು ವಾರದ ಕೆಲಸ. ಅದರಲ್ಲಿಯೂ ಶಿರಾಡಿ ಘಟ್ಟದ ದಾರಿಯ ದೋಣಿಗಲ್ಲಿನಂಥ ಮಲೆಯೂರುಗಳಲ್ಲಿ ಈ ಕಾಗದವು ಬಯಲುಸೀಮೆಯಲ್ಲಿ ಕೊಡದ ತೊಂದರೆಯನ್ನು ಕೊಡುತ್ತದೆ. ಅಲ್ಲಿ 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದಿನ ಕೋಟೆಗೆ ಮಂಜಿನಿಂದಲೇ ಆ ಹೆಸರು ಬಂತೆಂದು ಜನರು ಹೇಳುವುದುಂಟು. ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಲೆಯ ಕಾವಿಲ್ಲದೆ ಒಣಗದ ಊರಿನಲ್ಲಿ ಗೋಡೆಯು ಹೇಗೆ ಒಣಗೀತು?

ಮಣ್ಣು ಮತ್ತು ಸುಣ್ಣದ ಗಾರೆಯ ಹಳೆಯ ಗೋಡೆಗಳು ಮಳೆಗಾಲದಲ್ಲಿ ನೀರನ್ನು ಕುಡಿಯುತ್ತವೆ, ಬೇಸಗೆಯಲ್ಲಿ ಅದನ್ನು ಹೊರಕ್ಕೆ ಬಿಡುತ್ತವೆ. ಪ್ಲಾಸ್ಟಿಕ್ ಹೊದಿಕೆಯ ಕಾಗದವನ್ನು ಅಂಟಿಸಿದರೆ ಆ ದಾರಿಯನ್ನು ಮುಚ್ಚಿದಂತಾಯಿತು. ತೇವವು ಒಳಗೇ ನಿಲ್ಲುತ್ತದೆ. ಅಂಟಿನಲ್ಲಿರುವ ಹಿಟ್ಟು ಬೂಷ್ಟಿಗೆ ಆಹಾರವಾಗುತ್ತದೆ. ಮೇಲೆ ಹೂಬಳ್ಳಿ, ಕೆಳಗೆ ಕಪ್ಪು ಬೂಷ್ಟು! ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿ, ಇವು ಉಸಿರಾಟದ ರೋಗಗಳನ್ನೂ ಉಬ್ಬಸವನ್ನೂ ಹೆಚ್ಚಿಸುತ್ತವೆಂದು ಎಚ್ಚರಿಸಿದೆ. ಮಗುವಿನ ತೊಟ್ಟಿಲು ಇಂಥ ಗೋಡೆಯ ಮಗ್ಗುಲಿಗಿದ್ದರೆ ಆಲೋಚಿಸಬೇಕಾದ ಸಂಗತಿಯೇ ಸರಿ.

ಯೂರೋಪಿನವರು ಈ ಪಾಠವನ್ನು ಇನ್ನೂ ಕಠಿಣವಾಗಿ ಕಲಿತರು. ಸ್ವೀಡನ್ನಿನ ಶೀಲೆ ಎಂಬ ರಸಾಯನಜ್ಞನು 1775ರಲ್ಲಿ ಕಂಡುಹಿಡಿದ ಹಸುರು ಬಣ್ಣದಲ್ಲಿ ಪಾಷಾಣವಿತ್ತು. ಆ ಬಣ್ಣದ ಕಾಗದಗಳು ಮನೆಮನೆಯ ಗೋಡೆಗಳನ್ನು ಸೇರಿದುವು. ತೇವದ ಕೋಣೆಗಳಲ್ಲಿ ಕೆಲವು ಬಗೆಯ ಬೂಷ್ಟು ಆ ಪಾಷಾಣದಿಂದ ಬೆಳ್ಳುಳ್ಳಿಯ ವಾಸನೆಯ ವಾಯುವನ್ನು ಹೊರಡಿಸಬಲ್ಲುದೆಂದು ಇಟಲಿಯ ಗೋಸಿಯೊ 1890ರ ದಶಕದಲ್ಲಿ ತೋರಿಸಿದನು. ಈಗಿನ ಕಾಗದದಲ್ಲಿ ಆ ಬಣ್ಣವಿಲ್ಲ. ಬೂಷ್ಟು ಮಾತ್ರ ಹಾಗೆಯೇ ಇದೆ.

ಆದಕಾರಣ ಹಳೆಯ ಕಾಗದದ ಮೇಲೆ ಬಣ್ಣವನ್ನೋ ಮತ್ತೊಂದು ಕಾಗದವನ್ನೋ ಹೊದಿಸುವ ಮೊದಲು ಗೋಡೆಯ ಸ್ಥಿತಿಯನ್ನು ತಿಳಿಯತಕ್ಕದ್ದು. ಮೂಲೆಯಲ್ಲಿ ಒಂದು ಅಡಿಯಗಲ ಕಾಗದವನ್ನು ಕಿತ್ತು, ಒರಸಿ, ಅಲ್ಲಿ ದಪ್ಪನೆಯ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕು ಕಡೆಯೂ ಟೇಪಿನಿಂದ ಭದ್ರಪಡಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು. ಮೊದಲನೆಯದಾದರೆ ಒಡೆದ ಹೆಂಚು, ಕಟ್ಟಿಕೊಂಡ ದೋಣಿ, ಗೋಡೆಗೊರಗಿದ ಮಣ್ಣು ಇವುಗಳನ್ನು ಮೊದಲು ನೋಡಿರಿ.

ಕೀಳುವ ಕೆಲಸಕ್ಕೆ ಜನವರಿಯಿಂದ ಮಾರ್ಚಿಯವರೆಗಿನ ಒಣದಿನಗಳೇ ಯೋಗ್ಯ. ಕೋಣೆಯ ವಿದ್ಯುತ್ತನ್ನು ನಿಲ್ಲಿಸಿ, ಮೂಗುಬಾಯಿಗೆ ಮುಸುಕು ಧರಿಸಿ, ಮಕ್ಕಳನ್ನು ದೂರವಿಡಿ. ಬರಿಯ ಕಾಗದವಾದರೆ ಬಿಸಿನೀರಿನ ಬಟ್ಟೆಯನ್ನು ಒತ್ತಿ ಕಾಲುಗಂಟೆ ಬಿಟ್ಟರೆ ಸಾಕು. ಪ್ಲಾಸ್ಟಿಕ್ ಮೈಯದಾದರೆ ನೀರು ಒಳಕ್ಕೆ ಹೋಗದು. ಮೇಲಿನ ಪೊರೆಯನ್ನು ಮೊದಲು ಸುಲಿದು, ಉಳಿದ ಹಾಳೆಯನ್ನು ನೆನೆಸಬೇಕು. ಹಿಂಬದಿಯಲ್ಲಿಯೇ ಅಂಟಿರುವ ಸ್ಟಿಕ್ಕರಿನ ಜಾತಿಗೆ ನೀರಲ್ಲ, ಶಾಖ ಬೇಕು: ಕೂದಲು ಒಣಗಿಸುವ ಯಂತ್ರದಿಂದ (ಇದಕ್ಕೆ ಮಾತ್ರ ವಿದ್ಯುತ್ತು ಬೇಕಾದೀತು, ಒದ್ದೆಯ ಗೋಡೆಯ ಬಳಿ ಕೂಡದು) ಬೆಚ್ಚಗೆ ಮಾಡಿ, ಹಾಳೆಯನ್ನು ಹಿಂದಕ್ಕೆ ಮಡಿಸಿ ನಿಧಾನವಾಗಿ ಎಳೆಯಿರಿ. ಸುಣ್ಣದ ಗೋಡೆಗೆ ನೀರನ್ನು ಎರಚಬೇಡಿ. ಹಿಂಡಿದ ಬಟ್ಟೆಯೇ ಸಾಕು. ಕೆರೆಯುವ ತಗಡನ್ನು ನೆಟ್ಟಗೆ ಹಿಡಿಯದೆ ಗೋಡೆಗೆ ಒರಗಿಸಿ ನಡಸಬೇಕು. ಆತುರಗಾರನ ಕೈಗೆ ಕಾಗದಕ್ಕಿಂತ ಮೊದಲು ಗಾರೆಯೇ ಬರುತ್ತದೆ.

ಕಾಗದ ಹೋದರೂ ಅಂಟು ಹೋಗಿರುವುದಿಲ್ಲ. ಗಾಯಕ್ಕೆ ಹಚ್ಚುವ ಟಿಂಚರ್ ಅಯೊಡೀನನ್ನು ನೀರಿಗೆ ಬೆರೆಸಿ ಒಂದು ಹನಿ ಮುಟ್ಟಿಸಿರಿ. ನೀಲಿಗಪ್ಪಾದರೆ ಹಿಟ್ಟಿನ ಅಂಟು ಉಳಿದಿದೆಯೆಂದು ಅರ್ಥ. ಬಿಸಿನೀರು ಸಾಬೂನಿನಿಂದ ಮತ್ತೆ ಒರಸಿ, ಕಿಟಕಿಗಳನ್ನು ತೆರೆದು, ಒಂದೆರಡು ವಾರ ಒಣಗಲು ಬಿಡಿ.

ಕಾಗದವನ್ನು ಕೀಳದೆ ಮುಚ್ಚಲೇ ಕೂಡದೆ? ಒಳಗಿನ ಅಡ್ಡಗೋಡೆ ಜಿಪ್ಸಮ್ ಹಲಗೆಯದಾಗಿದ್ದು, ಕಾಗದವು ಎಲ್ಲಿಯೂ ಉಬ್ಬದೆ ಬಿಗಿಯಾಗಿದ್ದರೆ ಮುಚ್ಚುವುದೇ ಲೇಸು, ಏಕೆಂದರೆ ನೀರಿನಿಂದ ಹಲಗೆಯೇ ಕೆಡುತ್ತದೆ. ಅಂಚುಗಳನ್ನು ಅಂಟಿಸಿ, ಮರಳುಕಾಗದದಿಂದ ಉಜ್ಜಿ, ಎಣ್ಣೆಯ ಪ್ರೈಮರನ್ನು ಬಳಿಯಿರಿ. ನೀರಿನ ಪ್ರೈಮರು ಹಳೆಯ ಅಂಟನ್ನು ಮತ್ತೆ ನೆನೆಸಿ ಗುಳ್ಳೆಯೆಬ್ಬಿಸುತ್ತದೆ. ಮಳೆ ಬಡಿಯುವ ಹೊರಗೋಡೆಯ ಒಳಮೈಗೆ ಮಾತ್ರ ಈ ಉಪಾಯ ಬೇಡ. ಮರದ ಹಲಗೆ ಹೊದಿಸುವವರಿಗೂ ಇದೇ ಮಾತು, ಗೆದ್ದಲು ಕಾದಿರುತ್ತದೆ.

ಗಾರೆಯ ಗೋಡೆಗೆ ಕಡೆಗೆ ಸುಣ್ಣವೇ ಹಿತ. ಅದು ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಅದರ ಕ್ಷಾರವು ಬೂಷ್ಟಿಗೆ ಹಿಡಿಸದು. ತಣಿದ ಸುಣ್ಣವನ್ನು ಸೋಸಿ, ಹಾಲಿನಷ್ಟು ತೆಳುವಾಗಿ, ಗೋಡೆಯನ್ನು ಸ್ವಲ್ಪ ತೇವಮಾಡಿಕೊಂಡು ಮೂರು ಸಲ ಬಳಿಯುವುದು ಯುಕ್ತ. ಒಂದು ಸಲ ಬಳಿದದ್ದು ಒಣಗಿದ ಮೇಲೆಯೇ ಮತ್ತೊಂದು. ಹರಳುಸುಣ್ಣವನ್ನು ಮನೆಯಲ್ಲಿಯೇ ತಣಿಸುವವರು ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕಲ್ಲದೆ ಸುಣ್ಣಕ್ಕೆ ನೀರನ್ನು ಸುರಿಯಬಾರದು. ಕುದಿದು ಕಣ್ಣಿಗೆ ಸಿಡಿಯುತ್ತದೆ.