ಹಳೆಯ ಹೊಸ್ತಿಲಿಗೆ ಯಾವ ದೋಷ?

ಹಳೆಯ ಮನೆಯ ಕಟ್ಟಿಗೆಯನ್ನು ಹೊಸ ಮನೆಗೆ ಬಳಸಬಾರದು ಎಂಬ ಮಾತು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಓಣಿಗಳಲ್ಲಿ ವೇದವಾಕ್ಯದಂತೆ ಓಡಾಡುತ್ತಿದೆ. "ಅದು ಸತ್ತ ಕಟಗಿರಿ, ಮನಿಗೆ ಆಗಿಬರೂದಿಲ್ಲ" ಎಂದು ಯಾರಾದರೂ ಒಬ್ಬರು ಅಂದರೆ ಸಾಕು, ಮೂರು ತಲೆಮಾರು ಮನೆಯನ್ನು ಹೊತ್ತ ಸಾಗವಾನಿಯ ತೊಲೆ ಭಂಗಾರದವನ ಗಾಡಿ ಏರುತ್ತದೆ. ಕಡಿದ ಮೇಲೆ ಯಾವ ಕಟ್ಟಿಗೆ ತಾನೆ ಬದುಕಿರುತ್ತದೆ? ಅಡ್ಡೆಯಿಂದ ತಂದ ಹೊಸ ಕಟ್ಟಿಗೆಯೂ ಸತ್ತದ್ದೇ. ಇದು ಮೊನ್ನೆ ಸತ್ತದ್ದು, ಅದು ಅಜ್ಜನ ಕಾಲದಲ್ಲಿ ಸತ್ತದ್ದು, ಅಷ್ಟೇ ವ್ಯತ್ಯಾಸ.

ಹಾಗೆ ಹೋದ ತೊಲೆಗಳೆಲ್ಲ ಒಲೆ ಸೇರುವುದಿಲ್ಲ. ಒಳ್ಳೆಯವು ಕೈಯಿಂದ ಕೈಗೆ ದಾಟಿ ದೊಡ್ಡ ಊರಿನ ಹಳೆಯ ಸಾಮಾನಿನ ಅಂಗಡಿ ಸೇರುತ್ತವೆ. ಅಲ್ಲಿಂದ ತೋಟದ ಮನೆಗೋ ರೆಸಾರ್ಟಿಗೋ ಹೋಗುತ್ತವೆ. ಚಳಿಯ ದೇಶಗಳಲ್ಲಿ ಗೋಡೆಯೊಳಗೆ ಅಗ್ಗಿಷ್ಟಿಕೆ ಕಟ್ಟಿ, ಅದರ ಮೇಲೊಂದು ದಪ್ಪ ಅಡ್ಡಹಲಗೆ ಕೂರಿಸುವ ಪದ್ಧತಿಯಿದೆ. ಅದಕ್ಕೆ ಹಳೆಯ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕ ತೊಲೆಯೇ ಬೇಕೆಂದು ಹುಡುಕುವವರಿದ್ದಾರೆ. ಬಾಚಿಯ ಏಟು, ಮೊಳೆಯ ತೂತು ಹಾಗೆಯೇ ಇರಲಿ ಎಂದು ಹೆಚ್ಚು ಹಣವನ್ನೂ ಕೊಡುತ್ತಾರೆ. ಆ ಚಿತ್ರಗಳನ್ನು ನೋಡಿ, ಬೆಂಕಿಯ ಅಗತ್ಯವೇ ಇಲ್ಲದ ನಮ್ಮ ನಗರದವರೂ ಗೋಡೆಗೆ ಅಂಥ ಹಲಗೆ ಹಾಕಿಸುತ್ತಾರೆ. ಅಲ್ಲಿ ಅದು ಯಾರಿಗೂ ದೋಷ ತಟ್ಟಿಸುವುದಿಲ್ಲ. ಘಟಪ್ರಭೆಯ ದಂಡೆಯಲ್ಲಿದ್ದ ದೋಷ ಬೆಂಗಳೂರಿನ ದಾರಿಯಲ್ಲಿ ಯಾವ ಟೋಲ್ ನಾಕಾದಲ್ಲಿ ಇಳಿದುಹೋಯಿತು?

ಇತ್ತ ಮಾರಿದವರ ಮನೆಯಲ್ಲಿ ನೋಡಿ. ಟಿ.ವಿ. ಹಿಂದಿನ ಗೋಡೆಗೆ ಪ್ಲೈವುಡ್, ಅದರ ಮೇಲೆ ಸನ್ಮೈಕಾ. ಸನ್ಮೈಕಾದಲ್ಲಿ ಕಟ್ಟಿಗೆಯ ಗಂಟು, ಬಿರುಕು, ಹಳೆಯ ಕಪ್ಪು, ಎಲ್ಲ ಅಚ್ಚುಹಾಕಿದ್ದು! ನಿಜವಾದ ಬಿರುಕನ್ನು ತೂಕಕ್ಕೆ ಕೊಟ್ಟು, ಬಿರುಕಿನ ಚಿತ್ರವನ್ನು ಚದರಡಿ ಲೆಕ್ಕದಲ್ಲಿ ಕೊಂಡು ತಂದಿದ್ದೇವೆ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದೇ ಒತ್ತು. ಅದನ್ನು ನಾವು ಎಲ್ಲಿ ಹಾಕುತ್ತಿದ್ದೇವೆ, ಅಕ್ಕಂದಿರೇ?

ಈ ನಿಷೇಧ ನಮ್ಮ ಹಿರಿಯರದೂ ಅಲ್ಲ. ಹಿಡಕಲ್ ಜಲಾಶಯಕ್ಕಾಗಿ ಹುಕ್ಕೇರಿ ತಾಲೂಕಿನ ಊರುಗಳು ಎದ್ದಾಗ ಜನ ತೊಲೆ, ಬಾಗಿಲು, ಚೌಕಟ್ಟುಗಳನ್ನು ಚಕ್ಕಡಿಗೆ ಹೇರಿಕೊಂಡು ಹೋದ ಕಥೆಯನ್ನು ಮುದುಕರ ಬಾಯಿಂದ ಕೇಳಿದ್ದೇವೆ. ಹುನ್ನೂರಿನ ವಿಠ್ಠಲ ಗುಡಿ ನೀರಿನಲ್ಲೇ ಉಳಿಯಿತು, ಜಲಾಶಯ ಇಳಿದಾಗ ಇಂದಿಗೂ ಕಾಣಿಸುತ್ತದೆ. ಕಲ್ಲನ್ನು ಬಿಟ್ಟು ಬಂದವರು ಕಟ್ಟಿಗೆಯನ್ನು ಬಿಡಲಿಲ್ಲ. ಇಲ್ಲೇ ನೆರೆಯ ಮುಧೋಳದ ಅರಮನೆಯ ದರ್ಬಾರು ಸಭಾಂಗಣವನ್ನು ಬಿಚ್ಚಿ ಒಯ್ದು, ವಿಜಯನಾಥ ಶೆಣೈ ಅವರು ಮಣಿಪಾಲದ ತಮ್ಮ ಪರಂಪರೆಯ ಹಳ್ಳಿಯಲ್ಲಿ ಮತ್ತೆ ನಿಲ್ಲಿಸಿದರು. ಅರಮನೆಯ ಕಂಬಕ್ಕೆ ಇಲ್ಲದ ದೋಷ ನಮ್ಮ ಪಡಸಾಲೆಯ ಕಂಬಕ್ಕೆ ಮಾತ್ರ ಬಂತೆ?

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ಮೂರೂ ಉಕ್ಕಿ ಬಂದವು. ಮಣ್ಣಿನ ಗೋಡೆಗಳು ಕರಗಿದವು, ಮೇಲ್ಮುದ್ದೆ ಕುಸಿಯಿತು. ಮಣ್ಣು ಸರಿಸಿದಾಗ ತೊಲೆ, ಜಂತಿ, ಬೋದಿಗೆಗಳು ಕೆಸರಾಗಿ, ಆದರೆ ಗಟ್ಟಿಯಾಗಿಯೇ ಬಿದ್ದಿದ್ದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣದಲ್ಲಿ ಮನೆ ಎಬ್ಬಿಸುವವರಿಗೆ ಚೌಕಟ್ಟು, ಬಾಗಿಲಿನ ಖರ್ಚು ಉಳಿದರೆ ಅದೇನು ಸಣ್ಣ ಮಾತೇ? ಆದರೂ ಎಷ್ಟೋ ಕಡೆ ಕಟ್ಟೆಯ ಮೇಲೆ ಕುಳಿತ ಗಂಡಸರು ದರ ಹರಿದರು, ಗಾಡಿ ತುಂಬಿತು. ಆ ತೊಲೆಗೆ ತೊಟ್ಟಿಲು ಕಟ್ಟಿದವಳು ಚಹಾ ತರುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ಹಳೆಯ ಮನೆಯೇ ಚೆಂದ, ಹಾಗೇ ಇರಲಿ ಎಂದು ನಾನು ಹೇಳುವುದಿಲ್ಲ. ಬೆಳಕಿಂಡಿಯೊಂದನ್ನು ಬಿಟ್ಟರೆ ಗಾಳಿಯಿಲ್ಲದ ಆ ಅಡುಗೆಮನೆಯಲ್ಲಿ ನಮ್ಮ ಅತ್ತೆಯಂದಿರು ಹೊಗೆ ಕುಡಿದು ಕಣ್ಣು ಕೆಡಿಸಿಕೊಂಡರು. ಸ್ಲ್ಯಾಬ್ ಹಾಕಿರಿ, ದೊಡ್ಡ ಕಿಟಕಿ ಇಡಿಸಿರಿ, ಗ್ಯಾಸ್ ಒಲೆ ಉರಿಯಲಿ. ಆದರೆ ಆ ಹೊಗೆಯಲ್ಲಿ ಕಪ್ಪಾದ ತೊಲೆಯನ್ನು ಒಮ್ಮೆ ಸೀಳಿಸಿ ನೋಡಿರಿ, ಒಳಗೆ ಜೇನಿನ ಬಣ್ಣದ ಕಟ್ಟಿಗೆ ಇರುತ್ತದೆ. ದಶಕಗಳಿಂದ ಒಣಗಿದ್ದರಿಂದ ಹಸಿ ಕಟ್ಟಿಗೆಯಂತೆ ಅದು ಸೊಟ್ಟಗಾಗುವುದು ಕಡಿಮೆ.

ಆರಿಸುವಾಗ ಮಾತ್ರ ಮೋಹ ಬೇಡ. ಬಡಿದರೆ ಗಣ್ಣೆನ್ನಬೇಕು. ಬೊದ್ದೆಂದರೆ ಒಳಗೆ ಟೊಳ್ಳು. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಜೀವಂತವಿದೆ, ಅದನ್ನು ಮನೆಯೊಳಗೆ ತರಬೇಡಿ. ಅಂಚಿನ ಬಿಳಿ ಕಟ್ಟಿಗೆ ತೆಗೆಸಿ ನಡುವಿನ ಚೇಗು ಇಟ್ಟುಕೊಳ್ಳಿ. ಹಳೆಯ ಎಣ್ಣೆಬಣ್ಣ ಹಚ್ಚಿದ ಬಾಗಿಲನ್ನು ಒಣಗಿದಂತೆಯೇ ಉಜ್ಜಿಸಬೇಡಿ, ಮಕ್ಕಳನ್ನು ದೂರ ಇಡಿ, ಆ ಚೂರುಗಳನ್ನು ಒಲೆಗೂ ಹಾಕಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ಕಡಿವಾಣ ಬಿದ್ದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ವಿಷ ಇರಬಹುದು. ಗ್ಯಾಸ್ ಒಲೆಯ ನೇರ ಮೇಲೆ ಯಾವ ಹಲಗೆಯೂ ಬೇಡ. "ಮೊಳಿ ಅದಾವರಿ, ಗರಗಸ ಹಾಳಾಗತೈತಿ" ಎಂದು ಬಡಿಗೇರಣ್ಣ ಗೊಣಗುತ್ತಾನೆ. ಅವನ ಮಾತು ನಿಜ. ಮೊದಲು ಮೊಳೆ ಕೀಳಿಸಿ, ಕೂಲಿ ನಾಲ್ಕು ಕಾಸು ಹೆಚ್ಚು ಕೊಡಿ.

ನಮ್ಮ ಅಡುಗೆಮನೆಯ ಗೋಡೆಗೆ ಅತ್ತೆಯ ಕಾಲದ ತೊಲೆಯಿಂದ ಸೀಳಿದ ಹಲಗೆಯಿದೆ. ಅದರ ಮೇಲೆ ಉಪ್ಪಿನಕಾಯಿಯ ಭರಣಿ, ಗುರೆಳ್ಳು ಚಟ್ನಿಯ ಡಬ್ಬಿ. ಮಗಳಿಗೆ ಜ್ವರ ಬಂದಾಗ ನೆರೆಮನೆಯಾಕೆ ಹಲಗೆಯ ಕಡೆ ಒಂದು ನೋಟ ಹಾಯಿಸಿದಳು. ಆ ವಾರ ಓಣಿಗೆಲ್ಲ ಜ್ವರ ಬಂದಿತ್ತು. ಹಲಗೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಮನೆ ಬಿಚ್ಚುವ ಮಾತು ನಿಮ್ಮಲ್ಲಿ ಶುರುವಾಗಿದ್ದರೆ, ಚಹಾದ ತಟ್ಟೆ ಕೆಳಗಿಟ್ಟು ನೀವೂ ಕಟ್ಟೆಗೆ ಹೋಗಿ ಕೂಡಿರಿ. ತೊಲೆ ಎಷ್ಟು, ಬಾಗಿಲು ಎಷ್ಟು, ಹೊಸ್ತಿಲು ಯಾವ ಕಟ್ಟಿಗೆಯದು ಎಂದು ಬರೆದಿಡಿರಿ. ಗಾಡಿಯವನಿಗಿಂತ ಮೊದಲು ಬಡಿಗೇರನನ್ನು ಕರೆಸಿರಿ. ಹೊಸ್ತಿಲಿಗೆ ಇಷ್ಟು ವರ್ಷ ಅರಿಷಿಣ ಕುಂಕುಮ ಹಚ್ಚಿದವರು ನೀವು. ಅದು ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕೂ ನಿಮ್ಮದೇ.