ಚಳಿ ಹೋಯ್ತು, ಕಂಬಳಿ ಎಲ್ಲಿಟ್ಟೆ?

ಶಿವರಾತ್ರಿ ಬಂದ್ರೆ ಚಳಿ "ಶಿವ ಶಿವಾ" ಅಂತ ಹೋಗುತ್ತೆ ಅಂತಾರೆ ಹಿರಿಯರು. ನಮ್ಮ ಕೆಂಚನಗುಡ್ಡದಲ್ಲಿ ಚಳಿ ಇರೋದೇ ಎರಡು ತಿಂಗಳು. ಬೆಳಿಗ್ಗೆ ಹೊಳೆ ಕಡೆಯಿಂದ ಗಾಳಿ ಬೀಸುವಾಗ ಹೂಡಿ ಹಾಕ್ಕೊಂಡು ಸಿರುಗುಪ್ಪ ಬಸ್ಸಿಗೆ ನಿಲ್ತೀವಿ, ಹತ್ತು ಗಂಟೆಗೆ ಬಿಚ್ಚಿ ಬ್ಯಾಗಿಗೆ ತುರುಕ್ತೀವಿ. ಅಷ್ಟೇ ನಮ್ಮ ವಿಂಟರ್.

ಮೊದಲನೇ ಫೋಟೋ ನೋಡಿ. ನಮ್ಮ ತಾತನ ಕರಿ ಕಂಬಳಿ. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋಗುವಾಗ ಹೊದ್ಕೊಳ್ತಿದ್ರು. ತಾತ ಹೋದ ಮೇಲೆ "ಇದು ನಂದು" ಅಂತ ಜಗಳ ಆಡಿ ಇಸ್ಕೊಂಡೆ. ಹೋದ ವರ್ಷ ಚಳಿ ಮುಗಿದ ಮೇಲೆ ಹಂಗೇ ಮಡಚಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಮಂಚದ ಕೆಳಗೆ ತಳ್ಳಿದೆ. ಈ ಡಿಸೆಂಬರ್‌ನಲ್ಲಿ ತೆಗೆದ್ರೆ ಎರಡನೇ ಫೋಟೋ. ಹನ್ನೊಂದು ತೂತು. ಎಣಿಸಿದೀನಿ.

ನಾನು ಮೊದಲು ಕೇಳಿದ್ದೇನು ಗೊತ್ತಾ? "ಅಮ್ಮಾ, ನೀನಾದ್ರೂ ನೋಡ್ಬಾರ್ದಿತ್ತಾ?"
ಅಮ್ಮ ಅಂದ್ಲು: "ಜಗಳ ಆಡಿ ಇಸ್ಕೊಂಡವನು ನೀನಲ್ವೇನಪ್ಪಾ?"

ನನ್ನ ವಾದ ಇಷ್ಟೇ. ಹಾಕ್ಕೊಂಡವರೇ ಎತ್ತಿಡಬೇಕು. ನಮ್ಮ ಸ್ವೆಟರ್ ನೋಡ್ಕೊಳ್ಳೋದು ಅಮ್ಮನ ಕೆಲಸ ಅಲ್ಲ.

"ಎರಡು ತಿಂಗಳ ಬಟ್ಟೆಗೆ ಇಷ್ಟೆಲ್ಲಾ ಯಾಕೋ?" ಅಂತೀರಾ? ಎರಡು ತಿಂಗಳು ಮೈಮೇಲಾದ್ರೆ ಹತ್ತು ತಿಂಗಳು ಪೆಟ್ಟಿಗೆಯಲ್ಲಿ. ಅಂದ್ರೆ ಬಟ್ಟೆ ಹಾಳಾಗೋದು ಇಟ್ಟ ಕಡೆನೇ. ಡಿಪ್ರಿಸಿಯೇಷನ್ ಓದ್ತೀವಲ್ಲ, ಬಳಸದೆ ಇಟ್ಟರೂ ಸವಕಳಿ ಆಗುತ್ತೆ ಅಂತ. ಇದೇ ಅದು.

ನಾನು ತಡವಾಗಿ ಕಲಿತದ್ದು, ನೀವು ಸೇವ್ ಮಾಡ್ಕೊಳ್ಳಿ:

👉 ಉಣ್ಣೆ ತಿನ್ನೋದು ಹಾರಾಡೋ ನುಸಿ ಅಲ್ಲ, ಅದರ ಮರಿಹುಳು. ಬೆವರು, ಎಣ್ಣೆ ಕಲೆ ಇದ್ದ ಕಡೆ ಜಾಸ್ತಿ ತಿನ್ನುತ್ತೆ. ಅದಕ್ಕೇ ಕ್ಲೀನ್ ಮಾಡದೆ ಎತ್ತಿಡಬೇಡಿ.

👉 ಉಣ್ಣೆ ಸ್ವೆಟರ್‌ಗೆ ತಣ್ಣೀರು, ಸ್ವಲ್ಪ ಶಾಂಪೂ ಸಾಕು. ಹಿಂಡಬೇಡಿ, ನೇತು ಹಾಕಬೇಡಿ, ಹರಡಿ ಒಣಗಿಸಿ. ಎಂಜೈಮ್ ಇರೋ ಪೌಡರ್ ಬೇಡ. ಅದು ಪ್ರೋಟೀನ್ ಕಲೆ ಕರಗಿಸುತ್ತೆ, ಉಣ್ಣೆನೂ ಪ್ರೋಟೀನೇ.

👉 ಕಂಬಳಿ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ತಾರೆ. ಪದೇ ಪದೇ ಒಗೆದ್ರೆ ಆ ಬಿಗಿ ಹೋಗುತ್ತೆ. ತಾತ ಕೋಲಲ್ಲಿ ಬಡಿದು ಬಿಸಿಲಿಗೆ ಹಾಕ್ತಿದ್ದದ್ದು ಯಾಕೆ ಅಂತ ಈಗ ಅರ್ಥ ಆಯ್ತು. ನಮ್ಮಲ್ಲಿ ಬಿಸಿಲಿಗೇನು ಬರವಾ?

👉 ಪೂರ್ತಿ ಒಣಗಿದ ಮೇಲೆ ಹಳೇ ಕಾಟನ್ ಸೀರೆಯಲ್ಲಿ ಸುತ್ತಿಡಿ. ನಡುವೆ ಒಂದೆರಡು ಸಲ ತೆಗೆದು ಕೊಡವಿ.

👉 ನುಸಿ ಗುಳಿಗೆ ಇಡೋರು ಹುಷಾರು. ಅದು ನ್ಯಾಫ್ತಲೀನ್. ಜಿ6ಪಿಡಿ ಕೊರತೆ ಇರೋ ಮಕ್ಕಳಲ್ಲಿ ರಕ್ತದ ಕೆಂಪು ಕಣ ಒಡೆಯುತ್ತೆ, ಕಾಮಾಲೆ ಆಗಬಹುದು. ಕೂಸಿನ ಬಟ್ಟೆ, ಹೊದಿಕೆ ನಡುವೆ ಇಡಲೇಬೇಡಿ.

ತೂತುಗಳನ್ನ ಕರಿ ಉಣ್ಣೆ ದಾರದಲ್ಲಿ ನಾನೇ ಹೊಲಿದೆ, ಮೂರನೇ ಫೋಟೋ. ಚೆನ್ನಾಗಿ ಬಂದಿಲ್ಲ, ಗೊತ್ತು. ಬಡಿಯುವಾಗ ಧೂಳಿನ ಜೊತೆ ತಾತನ ಬೀಡಿ ವಾಸನೆನೂ ಸ್ವಲ್ಪ ಬಂತು. ಅದು ಹೊಸ ಹೂಡಿಯಲ್ಲಿ ಸಿಗಲ್ಲ.

ಈ ಭಾನುವಾರ ನಿಮ್ಮ ಪೆಟ್ಟಿಗೆ ತೆಗೀರಿ. ಏನು ಸಿಕ್ತು, ಯಾರದ್ದು ಅಂತ ಕಾಮೆಂಟ್‌ನಲ್ಲಿ ಹೇಳಿ. ಅಮ್ಮನ್ನ ಕರೀಬೇಡಿ ಮತ್ತೆ!

#ಕೆಂಚನಗುಡ್ಡ #ಸಿರುಗುಪ್ಪ #ಕಂಬಳಿ #ನಮ್ಮಬಳ್ಳಾರಿ